ನಮ್ಮವರ ಕಲ್ಲು, ನನ್ನ ಪ್ರಾಯಶ್ಚಿತ್ತ

ನಮ್ಮ ಚರ್ಚಿನ ಪೂಜೆಯಲ್ಲಿ ಪರಮಪ್ರಸಾದಕ್ಕೆಂದು ಇಡೀ ದೇವಾಲಯ ಎದ್ದು ಸಾಲುಗಟ್ಟಿದಾಗ ಒಬ್ಬಳೇ ಬೆಂಚಿನಲ್ಲಿ ಕೂತಿರುವುದು ಎಷ್ಟು ಕಷ್ಟ ಎಂಬುದು ಕೂತವರಿಗೇ ಗೊತ್ತು. ಮೊಣಕಾಲಿನ ದೆಸೆಯಿಂದ ನಾನು ಯಾವಾಗಲೂ ಬೆಂಚಿನ ತುದಿಯಲ್ಲಿ ಕೂರುವವಳು. ಹಾಗಾಗಿ ಒಳಗಡೆ ಕೂತ ಏಳು ಜನರೂ ನನ್ನನ್ನು ದಾಟಿಯೇ ಹೋಗಬೇಕು. ನಾನು ಕಾಲು ಓರೆ ಮಾಡುತ್ತೇನೆ, ಹ್ಯಾಂಡ್‌ಬ್ಯಾಗನ್ನು ಎದೆಗೆ ಅವಚಿಕೊಳ್ಳುತ್ತೇನೆ, ಅವರು "ಸಾರಿ ಆಂಟಿ" ಎನ್ನುತ್ತ ನನ್ನ ಸೀರೆಯ ನೆರಿಗೆ ತುಳಿದುಕೊಂಡು ಹೋಗುತ್ತಾರೆ. ಹೋಗುವಾಗ ಒಮ್ಮೆ, ತಿರುಗಿ ಬರುವಾಗ ಒಮ್ಮೆ ನನ್ನ ಮುಖ ನೋಡುತ್ತಾರೆ. ಹೋಗುವಾಗಿನ ನೋಟದಲ್ಲಿ ಅನುಮಾನ, ಬರುವಾಗಿನ ನೋಟದಲ್ಲಿ ಅನುಕಂಪ. ಬಾಯಲ್ಲಿ ಪ್ರಸಾದ ಇರುವುದರಿಂದ ಯಾರೂ ಏನೂ ಕೇಳುವಂತಿಲ್ಲ, ಅದೊಂದು ಪುಣ್ಯ.

ಹೋದ ವರ್ಷ ಜುಲೈಯಿಂದ ಅಕ್ಟೋಬರ್ ತನಕ, ಎಪ್ಪತ್ನಾಲ್ಕು ವರ್ಷದ ನಾನು ಪ್ರತಿ ಭಾನುವಾರ ಹೀಗೆ ಕೂತೆ. ಕೊಲೆ ಮಾಡಿರಲಿಲ್ಲ, ಕದ್ದಿರಲಿಲ್ಲ. ಒಂದು ಕೆಲಸ ಮಾಡುವುದಿತ್ತು, ಮಾಡಿರಲಿಲ್ಲ, ಅಷ್ಟೇ.

ಮಾಡುವುದನ್ನು ಮಾಡದೆ ಇರುವುದು ನನಗೆ ಹೊಸದಲ್ಲ. ನಾನು ಪುಣೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ ಇಂಗ್ಲಿಷು ನನ್ನನ್ನು ಆ ಕುರ್ಚಿಯಲ್ಲಿ ತಂದು ಕೂರಿಸಿತ್ತು. "ಹೋಲ್ಡ್ ದಿ ಲೈನ್ ಪ್ಲೀಸ್" ಎಂದು ಜೇನಿನಂಥ ದನಿಯಲ್ಲಿ ಹೇಳಿ ಜನರನ್ನು ಕಾಯಿಸುವುದಕ್ಕೆ ಸರಕಾರ ನನಗೆ ಸಂಬಳ ಕೊಟ್ಟಿತು, ಪೆನ್ಶನ್ನನ್ನೂ ಕೊಡುತ್ತಿದೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದೆ. ನನ್ನ ಕ್ರಿಸ್‌ಮಸ್ ಕಾರ್ಡುಗಳು ಸಂಕ್ರಾಂತಿಯ ಎಳ್ಳು ಬೆಲ್ಲದ ಜೊತೆಗೆ ನೆಂಟರ ಮನೆ ಮುಟ್ಟುತ್ತಿದ್ದವು. ಬಾಲ್ಕನಿಯ ನಕ್ಷತ್ರವನ್ನು ಒಂದು ವರ್ಷ ಇಳಿಸುವುದೇ ಆಗಲಿಲ್ಲ. ಡಿಸೆಂಬರ್ ಮತ್ತೆ ಬಂತು, ನಮ್ಮ ಕಟ್ಟಡದಲ್ಲಿ ಎಲ್ಲರಿಗಿಂತ ಮೊದಲು ನಕ್ಷತ್ರ ಹಾಕಿದವಳು ನಾನೇ ಎಂದು ಮೆಚ್ಚುಗೆಯೂ ಸಿಕ್ಕಿತು.

ದೇವರಿಗೂ ತಮಾಷೆ ಬೇಕಲ್ಲ, ಇಂಥವಳಿಗೆ ಒಬ್ಬ ರೈಲ್ವೆ ಗಾರ್ಡನ್ನು ಗಂಟುಹಾಕಿದ. ನಮ್ಮವರು ಹುಬ್ಬಳ್ಳಿಯವರು, ಕೆಲಸದ ಮೇಲೆ ಪುಣೆಗೆ ಬಂದು ಘೋರ್ಪಡಿಯಲ್ಲಿ ಮನೆ ಮಾಡಿದವರು. ಅವರ ಪ್ರಕಾರ ಹತ್ತು ನಿಮಿಷ ಮೊದಲು ಬಂದರೆ ಅದು ಟೈಮಿಗೆ ಬಂದ ಹಾಗೆ. ಟೈಮಿಗೆ ಬಂದರೆ ತಡ. ತಡವಾಗಿ ಬಂದರೆ ಏನು ಎಂಬುದಕ್ಕೆ ಅವರ ಬಳಿ ಪದವೇ ಇರಲಿಲ್ಲ, ನನ್ನನ್ನು ಮದುವೆಯಾಗುವವರೆಗೆ ಅದರ ಅಗತ್ಯ ಬಿದ್ದಿರಲಿಲ್ಲ. ನಮ್ಮ ಮದುವೆಯ ಆಲ್ಬಮ್ಮಿನ ಮೊದಲ ಫೋಟೋದಲ್ಲಿ ಅವರು ದೇವಾಲಯದ ಬಾಗಿಲಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದಾರೆ. ಎರಡನೆಯ ಫೋಟೋದಲ್ಲೂ ಅದನ್ನೇ ಮಾಡುತ್ತಿದ್ದಾರೆ. ನಾನು ಕಾಣಿಸಿಕೊಳ್ಳುವುದು ಐದನೆಯದರಲ್ಲಿ.

ಐದು ವರ್ಷದ ಹಿಂದೆ, ಒಂದು ಮಂಗಳವಾರ ಬೆಳಿಗ್ಗೆ, ಯಾರನ್ನೂ ಕಾಯಿಸದೆ ಹೊರಟುಹೋದರು.

ಮಣ್ಣು ಮಾಡಿದ ದಿನ ಗೋರಿಯ ತಲೆಗೆ ಒಂದು ಮರದ ಶಿಲುಬೆ ನೆಟ್ಟು, ಅದರ ಮೇಲೆ ಬಿಳಿ ಪೇಂಟಿನಲ್ಲಿ ಹೆಸರು ಬರೆಸಿದೆವು. ಅದು ತಾತ್ಕಾಲಿಕ. ಮಣ್ಣು ಕೂರಲು ಕೆಲವು ತಿಂಗಳು ಬೇಕು, ಆಮೇಲೆ ಕಲ್ಲು ಹಾಕಿಸುವುದು ರೂಢಿ. ನಮ್ಮ ಒಬ್ಬಳೇ ಮಗಳು ವಿಮಾನ ನಗರದಲ್ಲಿರುತ್ತಾಳೆ, ಅಲ್ಲೇ ಆಫೀಸು, ಅಲ್ಲೇ ಮನೆ. "ಮಮ್ಮೀ, ಕಲ್ಲಿಂದು ನಾ ನೋಡ್ಲೇನು?" ಎಂದು ಆಗಲೇ ಕೇಳಿದ್ದಳು. "ಬ್ಯಾಡ, ಅದು ನನ್ನ ಕೆಲಸ. ಐ ವಿಲ್ ಸೀ ಟು ಇಟ್" ಎಂದಿದ್ದೆ. ಮಣ್ಣು ಕೂತಿತು. ನಾನೂ ಕೂತೆ.

ಪುಣೆಯ ಮಳೆ ಬಿಳಿ ಪೇಂಟಿಗೆ ಒಳ್ಳೆಯದಲ್ಲ. ಮೊದಲ ಮಳೆಗಾಲದಲ್ಲಿ ಇಸವಿ ಹೋಯಿತು. ಎರಡನೆಯದರಲ್ಲಿ ಮನೆತನದ ಹೆಸರು. ಮೂರನೆಯದು ಮುಗಿಯುವ ಹೊತ್ತಿಗೆ ಶಿಲುಬೆಯ ಮೇಲೆ ಉಳಿದದ್ದು ಬಿಳಿಯ ಒಂದೆರಡು ಗೀರು ಮಾತ್ರ. ನವೆಂಬರ್ ಎರಡನೇ ತಾರೀಕು ಸಕಲ ಮೃತರ ಸ್ಮರಣೆಯ ದಿನ. ಆವತ್ತು ಗುರುಗಳು ಸ್ಮಶಾನದಲ್ಲಿ ಸಾಲುಸಾಲಾಗಿ ನಡೆದು, ಪ್ರತಿ ಗೋರಿಯ ಮೇಲಿನ ಹೆಸರನ್ನು ಓದಿ ತೀರ್ಥ ಚಿಮುಕಿಸುತ್ತಾರೆ. ಹೆಸರು ಅಳಿದ ಮೇಲೆ ನಮ್ಮವರ ಮುಂದೆ ಬಂದಾಗ ಓದಲು ಏನೂ ಇರುತ್ತಿರಲಿಲ್ಲ. "ಇಲ್ಲಿ ಮಲಗಿರುವ ಈ ನಮ್ಮ ಸಹೋದರ" ಎಂದು ಎರಡು ಹನಿ ಹಾಕಿ ಮುಂದೆ ಹೋಗುತ್ತಿದ್ದರು. ನಾನು ಪ್ರತಿ ವರ್ಷ ಮೇಣದಬತ್ತಿ ಹಿಡಿದು, ಬರುವ ವರ್ಷದೊಳಗೆ ಹಾಕಿಸಿಯೇ ತೀರುತ್ತೇನೆ ಎಂದುಕೊಂಡು ಮನೆಗೆ ಬರುತ್ತಿದ್ದೆ.

ಹೋದ ವರ್ಷ ಜೂನಿನಲ್ಲಿ ದೇವಾಲಯದ ಬೋರ್ಡಿಗೆ ಒಂದು ನೋಟೀಸು ಬಂತು. ಸ್ಮಶಾನದಲ್ಲಿ ಜಾಗ ಸಾಲುತ್ತಿಲ್ಲ. ಬರಿಯ ಮರದ ಶಿಲುಬೆ ಇರುವ ಹಳೆಯ ಗೋರಿಗಳ ಮನೆಯವರು ನವೆಂಬರ್ ಎರಡರೊಳಗೆ ಫಾರ್ಮ್ ಕೊಟ್ಟು ಕಲ್ಲು ಹಾಕಿಸಬೇಕು. ಇಲ್ಲವಾದರೆ ಆ ಜಾಗವನ್ನು ಬೇರೆಯವರಿಗಾಗಿ ತೆರೆಯಲಾಗುವುದು, ಅಲ್ಲಿನ ಮೂಳೆಗಳನ್ನು ಗೌರವಪೂರ್ವಕವಾಗಿ ಸಾಮಾನ್ಯ ಗುಂಡಿಗೆ ಸೇರಿಸಲಾಗುವುದು. ನಾನು ಕನ್ನಡಕ ಒರೆಸಿಕೊಂಡು ಮೂರು ಸಲ ಓದಿದೆ. ಹೆಸರು ಹೋಗಿತ್ತು, ಈಗ ಜಾಗವೂ ಹೋಗುವುದರಲ್ಲಿತ್ತು. ಬದುಕಿನುದ್ದಕ್ಕೂ ರಿಸರ್ವೇಶನ್ ಇಲ್ಲದೆ ಎಲ್ಲಿಗೂ ಹೋಗದ ಮನುಷ್ಯ.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕನ್ನಡ ಪೂಜೆ. ಮೈಸೂರು ಕಡೆಯ ಒಬ್ಬ ತರುಣ ಗುರುಗಳು, ಓದಲೆಂದು ಪುಣೆಗೆ ಬಂದವರು, ಅದನ್ನು ನಡೆಸಿಕೊಡುತ್ತಾರೆ. ಪೂಜೆಗೆ ಮುಂಚೆ ಪಾಪನಿವೇದನೆ ಕೇಳುತ್ತಾರೆ. ನನಗೆ ಪಾಪ ಹೇಳಿಕೊಳ್ಳಲು ಕನ್ನಡವೇ ಆಗಬೇಕು. ಇಂಗ್ಲಿಷಿನಲ್ಲಿ ಹೇಳಿದರೆ ಎಲೊಕ್ಯೂಶನ್ ಕಾಂಪಿಟಿಶನ್ನಿನಲ್ಲಿ ನಿಂತ ಹಾಗಾಗುತ್ತದೆ, ಪಶ್ಚಾತ್ತಾಪಕ್ಕಿಂತ ಉಚ್ಚಾರದ ಮೇಲೆ ಗಮನ ಹೋಗುತ್ತದೆ. ಜುಲೈಯ ಆ ಭಾನುವಾರ ಜಾಲರಿಯ ಈಚೆ ಮೊಣಕಾಲೂರಲಾಗದೆ ಸ್ಟೂಲಿನ ಮೇಲೆ ಕೂತು ಹೇಳಿದೆ.

"ಆಲಸ್ಯ, ಫಾದರ್."

"ಯಾವ ವಿಷಯದಲ್ಲಮ್ಮ?"

"ಎಲ್ಲಾ ವಿಷಯದಾಗ."

"ಯಾವುದಾದ್ರೂ ಒಂದು ಹೇಳಿ."

ಕಲ್ಲಿನ ಕಥೆ ಹೇಳಿದೆ. ಗುರುಗಳು ಕೊನೆತನಕ ಕೇಳಿದರು. ಆಮೇಲೆ, "ಸರಿ. ಆ ಕಲ್ಲು ಹಾಕಿಸೋದೇ ನಿಮ್ಮ ಪ್ರಾಯಶ್ಚಿತ್ತ" ಎಂದರು.

"ಫಾದರ್, ಐವತ್ತು ನಮೋ ಮರಿಯಾ ಹೇಳ್ತೀನಿ. ನೂರು ಹೇಳ್ತೀನಿ. ಮೊಣಕಾಲ ಮ್ಯಾಲೆ ಬೇಕಾದ್ರೂ..."

"ಅದೆಲ್ಲ ನೀವು ಹೇಗೂ ಹೇಳ್ತೀರಿ. ಕಲ್ಲು ಹಾಕ್ಸಿ."

ಪಾಪಕ್ಷಮೆ ಕೊಟ್ಟರು. ಎದ್ದು ಬಂದು ಬೆಂಚಿನಲ್ಲಿ ಕೂತೆ. ಆಗ ನನ್ನ ತಲೆಯಲ್ಲಿ ನಾಲ್ಕನೇ ಇಯತ್ತೆಯ, ಅಂದರೆ ನಾಲ್ಕನೇ ಕ್ಲಾಸಿನ, ಸಿಸ್ಟರು ಎದ್ದು ನಿಂತರು. ನಮಗೆ ಮೊದಲ ಪರಮಪ್ರಸಾದದ ತಯಾರಿ ಮಾಡಿಸಿದ ಆ ಸಿಸ್ಟರು, ಪ್ರಾಯಶ್ಚಿತ್ತ ಮಾಡದೆ ಪ್ರಸಾದಕ್ಕೆ ಹೋಗುವುದು ಕೈ ತೊಳೆಯದೆ ಊಟಕ್ಕೆ ಕೂತಂತೆ ಎಂದು ಬೆತ್ತ ತೋರಿಸಿ ಹೇಳಿದ್ದರು. ಅವರ ಮಾತನ್ನು ನಾನು ಅರವತ್ತೈದು ವರ್ಷ ಪಾಲಿಸಿದ್ದೇನೆ. ಪಾಲಿಸುವುದು ಸುಲಭವಿತ್ತು, ಆವರೆಗಿನ ಪ್ರಾಯಶ್ಚಿತ್ತಗಳೆಲ್ಲ ಐದು ನಿಮಿಷದ ಜಪಗಳು. ಈಗ ಕಲ್ಲು. ಕಲ್ಲು ಹಾಕಿಸುವವರೆಗೆ ಪ್ರಸಾದವಿಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಎರಡು ವಾರದ ಮಾತು, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ಕಾಲು ಓರೆ ಮಾಡಿದೆ.

ಆಲಸ್ಯಕ್ಕೆ ಪ್ರಾರ್ಥನೆಯಷ್ಟು ಒಳ್ಳೆಯ ಮರೆ ಬೇರೊಂದಿಲ್ಲ ಎಂಬುದನ್ನು ನಾನು ಆ ಮೂರು ತಿಂಗಳಲ್ಲಿ ಕಂಡುಕೊಂಡೆ. ಕೆಲಸ ಮುಂದೂಡುವವರಿಗೆಂದೇ ಒಬ್ಬ ಸಂತರಿದ್ದಾರೆ ಎಂದು ಎಲ್ಲೋ ಓದಿದ್ದೆ. ಅವರಿಗೆ ಒಂಬತ್ತು ದಿನದ ನೊವೇನಾ ಮಾಡೋಣ, ಸೋಮವಾರದಿಂದ ಶುರು ಎಂದುಕೊಂಡೆ. ಯಾವ ಸೋಮವಾರ ಎಂದು ಸಂತರು ಕೇಳಲಿಲ್ಲ. ಕಲ್ಲಿನ ಮೇಲೆ ಹಾಕಲು ಬೈಬಲಿನ ಒಂದು ವಚನ ಆರಿಸಬೇಕಲ್ಲ, ಅದಕ್ಕೊಂದು ನೋಟ್‌ಬುಕ್ ಮಾಡಿದೆ. ಹನ್ನೊಂದು ವಚನ ಬರೆದೆ, ಆರನ್ನು ಹೊಡೆದುಹಾಕಿದೆ, ನಾಲ್ಕನ್ನು ಮತ್ತೆ ಸೇರಿಸಿದೆ. ಇಂಗ್ಲಿಷಿನಲ್ಲಿ ಹಾಕಿಸಲೋ ಕನ್ನಡದಲ್ಲಿ ಹಾಕಿಸಲೋ ಎಂದು ಒಂದು ತಿಂಗಳು ಹೋಯಿತು. ಅವರು ಪ್ರಾರ್ಥನೆ ಮಾಡುತ್ತಿದ್ದದ್ದು ಕನ್ನಡದಲ್ಲಿ, ಆದ್ದರಿಂದ ಕನ್ನಡ ಎಂದು ತೀರ್ಮಾನಿಸಿದ ದಿನ ಎಷ್ಟು ಸುಸ್ತಾಯಿತೆಂದರೆ ವಾರವಿಡೀ ವಿಶ್ರಾಂತಿ ತೆಗೆದುಕೊಂಡೆ.

ಇದಕ್ಕೆಲ್ಲ ಈ ಊರಿನ ಬೆಂಬಲವೂ ಇತ್ತು. ಪುಣೆಯ ಹಳೆಯ ಅಂಗಡಿಯವರು ಮಧ್ಯಾಹ್ನ ಒಂದರಿಂದ ನಾಲ್ಕು ಬಾಗಿಲು ಹಾಕಿ ಮಲಗುತ್ತಾರೆ, ಗಿರಾಕಿ ದೇವರಾದರೂ ಏಳುವುದಿಲ್ಲ. ಗೋರಿಕಲ್ಲು ಕೆತ್ತುವ ಅಂಗಡಿ ಸ್ವಾರಗೇಟಿನ ಆಚೆ. ನಾನು ಎರಡು ಸಲ ಹೊರಟೆ. ಎರಡು ಸಲವೂ ತಿಂಡಿ, ಸ್ನಾನ, ಜಪಸರ, ಪಕ್ಕದ ಮನೆಯವರ ಜೊತೆ ನಾಲ್ಕು ಮಾತು ಎಲ್ಲ ಮುಗಿಸಿ ಸರಿಯಾಗಿ ಒಂದೂಕಾಲಿಗೆ ಅಲ್ಲಿ ಮುಟ್ಟಿದೆ. ಮುಚ್ಚಿದ ಶಟರನ್ನು ನೋಡಿ, "ಪ್ರಯತ್ನವಂತೂ ಮಾಡಿದೆನಲ್ಲ, ಲಾರ್ಡ್" ಎಂದು ಹೇಳಿ ಅದೇ ರಿಕ್ಷಾದಲ್ಲಿ ವಾಪಸು ಬಂದೆ. ನಿಜ ಹೇಳಬೇಕೆಂದರೆ ಆ ಶಟರು ಕಂಡಾಗ ನನಗೆ ಸಂತೋಷವೇ ಆಗುತ್ತಿತ್ತು. ಯಾಕೆ ಎಂದು ಆಗ ಕೇಳಿಕೊಳ್ಳಲಿಲ್ಲ.

ಸೆಪ್ಟೆಂಬರಿನ ಕೊನೆಗೆ ನನ್ನ ಗೆಳತಿ ಮನೆಗೆ ಬಂದಳು. ಗದಗಿನವಳು, ನನಗಿಂತ ಹತ್ತು ವರ್ಷ ಸಣ್ಣವಳು, ನಮ್ಮ ಮಹಿಳಾ ಸಂಘದ ಅಧ್ಯಕ್ಷೆ. ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಇತ್ತು. ಅವಳು ಚಟ್ನಿಪುಡಿ ತಂದಳೆಂದರೆ ಏನೋ ಕೇಳಲು ಬಂದಿದ್ದಾಳೆ ಎಂದರ್ಥ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೀನಿ."

"ಕೇಳು."

"ಪ್ರಸಾದಕ್ಕ ಯಾಕ ಏಳವಲ್ರಿ? ಸಂಘದಾಗ ಎಲ್ಲಾರೂ ನನ್ನ ಜೀವಾ ತಿನ್ನಾಕ ಹತ್ಯಾರ. ಅಧ್ಯಕ್ಷಿ ಆಗಿ ನಿನಗ ಗೊತ್ತಿಲ್ಲೇನ ಅಂತಾರ."

"ಏನಂತಾರ ಮತ್ತ?"

"ಒಬ್ಬಾಕಿ, ಶುಗರ್ ಅದ, ಅದಕ್ಕ ತಗೊಳ್ಳಂಗಿಲ್ಲ ಅಂದ್ಲು."

"ಆ ಕಾಗದದಂಥಾ ರೊಟ್ಟ್ಯಾಗ ಶುಗರ್ ಎಲ್ಲಿಂದ ಬರಬೇಕವಾ?"

"ನಾನೂ ಹಂಗಽ ಅಂದೆ. ಇನ್ನೊಬ್ಬಾಕಿ..." ಗೆಳತಿ ಡಬ್ಬಿಯ ಮುಚ್ಚಳ ತಿರುವತೊಡಗಿದಳು. "ಇನ್ನೊಬ್ಬಾಕಿ, ರಿಜಿಸ್ಟರ್ ಲಗ್ನ ಆಗ್ಯಾರ ಅಂದ್ಲು."

"ಯಾರು?"

"ನೀವರೀ."

"ಯಾರ ಜೋಡಿ?"

"ಆ ರಿಟೈರ್ಡ್ ಕರ್ನಲ್ ಸಾಹೇಬ್ರ ಜೋಡಿ. ಗಾರ್ಡನ್ದಾಗ ದಿನಾ ಮುಂಜಾನೆ ನಿಂತು ಮಾತಾಡ್ತೀರಂತಲ್ರಿ."

"ನಾ ಮಾತಾಡೂದು ಅವರ ನಾಯಿ ಜೋಡಿ."

"ಅದನ್ನೂ ಹೇಳ್ಯಾರ್ರಿ. ನಾಯಿ ಭಾಳ ಹಚ್ಚಿಕೊಂಡದ ಅಂತ."

ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ಅವಳಿಗೆ ಗೊತ್ತಾಗಲಿಲ್ಲ, ಒಂದು ಲೋಟ ನೀರು ತಂದುಕೊಟ್ಟಳು. ಕುಡಿದು ನಿಜ ಸಂಗತಿ ಹೇಳಿದೆ. ಅವಳ ಮುಖದಲ್ಲಿ ಮೊದಲು ಬಂದದ್ದು ನಿರಾಸೆ. ಮೂರು ತಿಂಗಳ ಮಾತುಕತೆಗೆ ಕೊನೆಯಲ್ಲಿ ಸಿಕ್ಕಿದ್ದು ಒಂದು ಕಲ್ಲು. ಆಮೇಲೆ ಸಿಟ್ಟು ಬಂತು.

"ನವೆಂಬರ್ ಎಲ್ಲೆ ಉಳದದರಿ ಅಕ್ಕಾರ? ಆ ಮನಷ್ಯಾನ್ನ ಎತ್ತಿ ಗುಂಡ್ಯಾಗ ಹಾಕತಾರ! ನಡೀರಿ, ನಾಳಿನಽ ಹೋಗೂಣು."

"ನಾಳೆ ಬ್ಯಾಡ, ನಾಳೆ ಗ್ಯಾಸಿನವಾ ಬರ್ತಾನ."

"ನಾಡಿದ್ದು?"

"ನಾಳೆ ಅವಾ ಬರಲಿಲ್ಲಂದ್ರ ನಾಡಿದ್ದು ಬರ್ತಾನ."

ಅವಳು ಚಟ್ನಿಪುಡಿಯ ಡಬ್ಬಿಯನ್ನು ವಾಪಸು ಚೀಲಕ್ಕೆ ಹಾಕಿಕೊಂಡು ಎದ್ದಳು. ಬಾಗಿಲಲ್ಲಿ ನಿಂತು, "ಈ ಮೊದಲ್ನೇ ರವಿವಾರ ನೀವು ಫಾದರ್ ಕಡೆ ಹೋಗ್ತೀರಿ. ಇಲ್ಲಂದ್ರ ಆ ಕರ್ನಲ್ಲಿನ ಸುದ್ದಿ ಖರೇ ಅಂತ ನಾನಽ ಹೇಳ್ತೀನಿ" ಎಂದಳು. ಅಷ್ಟರಲ್ಲಿ ಸುದ್ದಿ ವಿಮಾನ ನಗರವನ್ನೂ ಮುಟ್ಟಿತ್ತು. ಮಗಳು ಸಂಜೆ ಫೋನು ಮಾಡಿ ಬಹಳ ಮೃದುವಾಗಿ, "ಮಮ್ಮೀ, ಐ ಜಸ್ಟ್ ವಾಂಟ್ ಯೂ ಟು ಬಿ ಹ್ಯಾಪಿ" ಎಂದಳು.

ಅಕ್ಟೋಬರಿನ ಮೊದಲ ಭಾನುವಾರ ಮತ್ತೆ ಆ ಸ್ಟೂಲಿನ ಮೇಲೆ ಕೂತೆ. "ಫಾದರ್, ಕೊಟ್ಟ ಪ್ರಾಯಶ್ಚಿತ್ತ ಮಾಡಿಲ್ಲ. ಅದಕ್ಕ ಜುಲೈಯಿಂದ ಪ್ರಸಾದ ತಗೊಂಡಿಲ್ಲ" ಎಂದೆ.

"ಏನು?" ಜಾಲರಿಯ ಆಚೆ ಕುರ್ಚಿ ಕಿರುಗುಟ್ಟಿತು. "ಜುಲೈಯಿಂದಾನಾ? ಯಾರಮ್ಮ ಹಾಗೆ ಹೇಳಿದ್ದು?"

"ಸಿಸ್ಟರು."

"ಯಾವ ಸಿಸ್ಟರು?"

"ನಾಲ್ಕನೇ ಇಯತ್ತೆದಾಗ."

ಅವರು ಕೆಮ್ಮಿದರು. ಕೆಮ್ಮು ಬಹಳ ಹೊತ್ತು ನಡೆಯಿತು, ಅದು ಕೆಮ್ಮಲ್ಲ ಎಂದು ನನಗೂ ಗೊತ್ತಾಯಿತು. ಆಮೇಲೆ ದನಿ ಸರಿಮಾಡಿಕೊಂಡು ಹೇಳಿದರು: "ಅಮ್ಮಾ, ಕ್ಷಮೆ ಆವತ್ತೇ ಸಿಕ್ಕಾಯ್ತು. ಪ್ರಸಾದ ಅನ್ನೋದು ಕೆಲಸ ಮುಗಿಸಿದವರಿಗೆ ಕೊಡೋ ಬಹುಮಾನ ಅಲ್ಲ. ಕೆಲಸಕ್ಕೆ ಹೊರಟವರಿಗೆ ಕಟ್ಟಿಕೊಡೋ ಬುತ್ತಿ. ನೀವು ಬುತ್ತಿ ಮನೇಲೇ ಬಿಟ್ಟು, ಕೈಲಾಗ್ತಿಲ್ಲ ಕೈಲಾಗ್ತಿಲ್ಲ ಅಂತಿದ್ದೀರಿ."

ನಾನು ಹ್ಯಾಂಡ್‌ಬ್ಯಾಗಿನ ಜಿಪ್ಪು ಎಳೆದೆ, ಮತ್ತೆ ಹಾಕಿದೆ.

"ಮೂರು ತಿಂಗಳಲ್ಲಿ ಒಂದು ಅಂಗಡಿಗೆ ಹೋಗೋಕಾಗ್ಲಿಲ್ಲ ಅಂದ್ರೆ ಬರೀ ಆಲಸ್ಯ ಅಲ್ಲಮ್ಮ ಅದು. ಏನು ತಡೀತಿದೆ?"

ಬಾಯಿ ತಾನಾಗಿ ತೆರೆಯಿತು. "ಕಲ್ಲು ಹಾಕಿಬಿಟ್ರ ಮುಗದಽ ಹೋತಲ್ಲ, ಫಾದರ್. ಮರದ್ದು ಇರೂತನಕ, ಇನ್ನೂ ಏನೋ ಬಾಕಿ ಅದ ಅನಸ್ತದ."

ಈ ಸಲ ಆಚೆ ಕೆಮ್ಮು ಬರಲಿಲ್ಲ. ಆಮೇಲೆ ಮೆಲ್ಲಗೆ, "ಕಲ್ಲು ಹಾಕಿದ್ರೆ ಮುಗೀತು ಅಂತ ನಂಬೋ ಜನಾನಾ ನಾವು? ಪ್ರತಿ ಭಾನುವಾರ ಎದ್ದು ನಿಂತು ವಿಶ್ವಾಸ ಸಂಗ್ರಹ ಹೇಳ್ತೀರಲ್ಲ, ಕೊನೇ ಸಾಲಲ್ಲಿ ಏನಂತ ಹೇಳ್ತೀರಿ?" ಎಂದರು.

ಸತ್ತವರು ಏಳುತ್ತಾರೆ ಎಂದು ಹೇಳುತ್ತೇವೆ. ನಾನು ಅದನ್ನು ಏಳು ವರ್ಷದವಳಿದ್ದಾಗಿನಿಂದ ಹೇಳುತ್ತ ಬಂದಿದ್ದೇನೆ. ಆದರೆ ಈಚೆಗೆ ಆ ಸಾಲು ಬರುವ ಹೊತ್ತಿಗೆ ನನ್ನ ಲಕ್ಷ್ಯವೆಲ್ಲ ಮೊಣಕಾಲಿನ ಮೇಲೆ ಇರುತ್ತದೆ, ಯಾವಾಗ ಮುಗಿದೀತು, ಯಾವಾಗ ಕೂತೇನು ಎಂದು. ನಿತ್ಯಜೀವದ ಹತ್ತಿರ ಬಂದಾಗಲೆಲ್ಲ ನಾನು ಬೆಂಚು ಹುಡುಕುತ್ತಿದ್ದೆ. ಆವತ್ತು ಪೂಜೆಯಲ್ಲಿ ಆ ಸಾಲನ್ನು ಕೈಗಳನ್ನು ಮುಂದಿನ ಬೆಂಚಿಗೆ ಊರಿ, ನಿಂತುಕೊಂಡೇ ಪೂರ್ತಿ ಹೇಳಿದೆ. ಅವರು ಎಲ್ಲಿಗೆ ಹೋಗಿದ್ದರೂ ಹತ್ತು ನಿಮಿಷ ಮೊದಲೇ ಏಳುತ್ತಾರೆ, ಎದ್ದು ಬಾಗಿಲಲ್ಲಿ ನಿಲ್ಲುತ್ತಾರೆ ಎನ್ನುವುದು ಒಂದು ಕ್ಷಣ ಎಷ್ಟು ಖಚಿತವಾಗಿ ಅನ್ನಿಸಿತೆಂದರೆ ಸೆರಗು ಸರಿಮಾಡಿಕೊಂಡೆ.

ಪ್ರಸಾದದ ಹೊತ್ತಿಗೆ ಎದ್ದೆ. ಒಳಗಿನ ಏಳು ಜನ ದಾರಿಗಾಗಿ "ಸಾರಿ ಆಂಟಿ" ಎನ್ನಲು ಬಾಯಿ ತೆರೆದವರು ತೆರೆದೇ ಇಟ್ಟುಕೊಂಡರು. ಹಿಂದಿನ ಬೆಂಚಿನಿಂದ ಗೆಳತಿಯ ದನಿ ಎಲ್ಲರಿಗೂ ಕೇಳುವಷ್ಟು ಸಣ್ಣದಾಗಿ ಬಂತು: "ನಾ ಹೇಳಿರ್ಲಿಲ್ಲೇನ? ಬರೇ ನಾಯಿ."

ಪೂಜೆ ಮುಗಿದು ಹೊರಗೆ ಬಂದಾಗ ಹನ್ನೊಂದೂವರೆ. ಮನೆಗೆ ಹೋಗಿ ಚಹಾ ಕುಡಿದು ಹೋಗೋಣ ಎಂದು ಹೇಳಲು ನಾಲಿಗೆಯ ತುದಿಗೆ ಬಂದಿತ್ತು. ಚಹಾ ಕುಡಿದರೆ ಒಂದೂಕಾಲು ಆಗುತ್ತದೆ ಎಂದು ನನಗೆ ಅನುಭವದಿಂದ ಗೊತ್ತು. ಬುತ್ತಿ ಇನ್ನೂ ನಾಲಿಗೆಯ ಮೇಲೆಯೇ ಇತ್ತು. ಗೆಳತಿಯ ಕೈ ಹಿಡಿದು, "ರಿಕ್ಷಾ ಕರಿ" ಎಂದೆ.

ಅಂಗಡಿ ತೆರೆದಿತ್ತು. ಅರ್ಧ ಕೆತ್ತಿದ ತುಳಸಿ ವೃಂದಾವನಗಳು, ಮೂಗಿಲ್ಲದ ಒಂದು ನಂದಿ, ಬಂಗಲೆಗಳ ನಾಮಫಲಕಗಳು, ನಡುವೆ ನಾಲ್ಕೈದು ಶಿಲುಬೆ. ಕೆತ್ತುವವನು ಐವತ್ತರ ಮನುಷ್ಯ. ಮರಾಠಿ, ಇಂಗ್ಲಿಷ್ ಎರಡನ್ನೂ ಕೆತ್ತುತ್ತಾನೆ. ಕನ್ನಡ ಎಂದಾಗ ತಲೆ ಕೆರೆದುಕೊಂಡ. "ಆಜಿ, ಹೇ ಅಕ್ಷರ ಮಲಾ ಯೇತ ನಾಹಿ" ಎಂದ. ತನಗೆ ಆ ಅಕ್ಷರ ಬಾರದು. ಆದರೆ ನಾನು ಬೇಕಾದಷ್ಟು ದೊಡ್ಡದಾಗಿ ಕಾಗದದ ಮೇಲೆ ಬರೆದುಕೊಟ್ಟರೆ, ಅದನ್ನು ಕಲ್ಲಿಗೆ ಅಂಟಿಸಿ ಗೆರೆ ತಪ್ಪದೆ ಕೆತ್ತುತ್ತಾನಂತೆ. ಒಂದು ಕಂದು ಕಾಗದ ಹಾಸಿ, ದಪ್ಪನೆಯ ಪೆನ್ಸಿಲ್ ಕೊಟ್ಟ.

ಹನ್ನೊಂದು ವಚನಗಳ ನೋಟ್‌ಬುಕ್ ಮನೆಯಲ್ಲಿತ್ತು. ಒಳ್ಳೆಯದೇ ಆಯಿತು. ಹೆಸರು, ಹುಟ್ಟಿದ ವರ್ಷ, ಹೋದ ವರ್ಷ, ಇಷ್ಟೇ ಸಾಕೆಂದುಕೊಂಡೆ. ಸಿಸ್ಟರುಗಳು ನನಗೆ ಕಲಿಸಿದ ಕರ್ಸಿವ್ ಇಂಗ್ಲಿಷ್ ಅಕ್ಷರ ಇಂದಿಗೂ ಮುತ್ತಿನ ಸಾಲು. ಕನ್ನಡ ಮಾತ್ರ ವಾರಕ್ಕೆ ಮೂರು ಪೀರಿಯಡ್ಡಿನಲ್ಲಿ ಕಲಿತದ್ದು, ಮೊದಲೇ ಕೋಳಿ ಕೆದರಿದ ಹಾಗೆ, ಈಗ ಕೈಯೂ ನಡುಗುತ್ತದೆ.

"ನಾ ಬರ್ದು ಕೊಡ್ಲೇನ್ರಿ ಅಕ್ಕಾರ? ನನ್ನ ಅಕ್ಷರ ಛಲೋ ಅದಾವ."

"ಬ್ಯಾಡ."

ನೆಲದ ಮೇಲೆ ಕೂರಲಾರದೆ ನಂದಿಯ ಬೆನ್ನಿನ ಮೇಲೆ ಕಾಗದ ಹಾಸಿಕೊಂಡು ಬರೆದೆ. ಒಂದು ಹೆಸರು ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಕೆತ್ತುವವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಕೆಳಗಿನ ಅರ್ಧ ಖಾಲಿ ಇದೆಯಲ್ಲ, ನಿಮಗಾಗಿ ಬಿಡಲೇ ಎಂದು ಮರಾಠಿಯಲ್ಲಿ ಕೇಳಿದ. ಬಿಡು ಎಂದೆ. ಯಾವಾಗ ಕೊಡುತ್ತೀ ಎಂದದ್ದಕ್ಕೆ ಒಂದು ವಾರ ಎಂದ.

ಒಂದು ವಾರದ ಮೇಲೆ ಹೋದೆ. "ಉದ್ಯಾ ಯಾ, ಆಜಿ" ಎಂದ. ನಾಳೆ ಬನ್ನಿ. ಮರುದಿನ ಹೋದರೆ ಜೇಜುರಿಯ ದೇವರಿಗೆ ಹೋಗಿದ್ದಾನೆ. ಅದರ ಮರುದಿನ ಹಣೆಗೆ ಭಂಡಾರದ ಅರಿಶಿನ ಬಳಿದುಕೊಂಡು ಕೂತಿದ್ದಾನೆ, ಆದರೆ ಮಿಷನ್ನಿನ ಬ್ಲೇಡು ಮೊಂಡಾಗಿದೆ. ಆಮೇಲೆ ಕರೆಂಟು ಇಲ್ಲ. ಆಮೇಲೆ ಕಲ್ಲು ಬಂದಿದೆ, ಪಾಲಿಶ್ ಮಾಡುವವನು ಬಂದಿಲ್ಲ. ಅವನು ಹೇಳುತ್ತಿದ್ದ ಒಂದೊಂದು ಮಾತನ್ನೂ ನಾನು ಅವನಿಗಿಂತ ಮೊದಲು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ನನ್ನ ಆಯುಷ್ಯವೆಲ್ಲ ನಾನು ಬಳಸಿದ ಮಾತುಗಳೇ ಅವು, ಮರಾಠಿಯಲ್ಲಿದ್ದವು ಅಷ್ಟೇ. ಸಿಟ್ಟು ಬರಲಿಲ್ಲ. ಸ್ವಂತ ತಮ್ಮನನ್ನು ನೋಡಿದಂತಾಯಿತು. ಆದರೆ ಕ್ಯಾಲೆಂಡರಿನಲ್ಲಿ ಅಕ್ಟೋಬರ್ ಮುಗಿಯುತ್ತಿತ್ತು, ದೇವಾಲಯದ ಆಫೀಸಿಗೆ ಕೊಟ್ಟ ಫಾರ್ಮಿಗೆ ಕಲ್ಲಿಲ್ಲದೆ ಬೆಲೆಯಿರಲಿಲ್ಲ.

ಆಲಸಿಗಳನ್ನು ಏನು ಹೆದರಿಸುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಬೈಗುಳವಲ್ಲ. ಎದುರಿಗೆ ಸುಮ್ಮನೆ ಕೂತು ಕಾಯುವ ಮನುಷ್ಯ. ಮರುದಿನ ಬೆಳಿಗ್ಗೆ ಒಂಬತ್ತೂ ಐವತ್ತಕ್ಕೆ, ಅಂಗಡಿ ತೆರೆಯುವ ಹತ್ತು ನಿಮಿಷ ಮೊದಲು, ಮಡಚುವ ಸ್ಟೂಲು, ಜಪಸರ, ಊಟದ ಡಬ್ಬಿ ಹಿಡಿದು ಹೋಗಿ ಶಟರಿನ ಮುಂದೆ ಕೂತೆ. ಅವನು ಬಂದು ನೋಡಿ ಗಾಬರಿಯಾದ. ಚಹಾ ತರಿಸಿದ. "ಘರೀ ಜಾ ನಾ, ಆಜಿ", ಮನೆಗೆ ಹೋಗಿ ಅಜ್ಜಿ, ಎಂದು ಬೇಡಿಕೊಂಡ. ನಾನು ನಕ್ಕು ಜಪಸರದ ಮಣಿ ಎಣಿಸಿದೆ. ಒಂದು ಗಂಟೆಗೆ ಅವನು ಶಟರು ಎಳೆಯಲು ಬಂದಾಗ ಡಬ್ಬಿ ಬಿಚ್ಚಿದೆ. ಮುದುಕಿಯೊಬ್ಬಳು ರೊಟ್ಟಿ ತಿನ್ನುತ್ತಿರುವಾಗ ಅವಳ ಎದುರಿಗೆ ಶಟರು ಎಳೆಯಲು ಅವನ ಕೈ ಬರಲಿಲ್ಲ. ಪುಣೆಯ ಇತಿಹಾಸದಲ್ಲಿ ಮೊದಲ ಸಲ ಒಂದು ಅಂಗಡಿ ಮಧ್ಯಾಹ್ನ ತೆರೆದಿತ್ತು. ಮೂರನೆಯ ದಿನ ಕಲ್ಲು ತಯಾರಾಯಿತು. ಅಕ್ಟೋಬರಿನ ಕೊನೆಯ ದಿನ ಅದನ್ನು ನೆಟ್ಟರು, ಮರದ ಶಿಲುಬೆಯನ್ನು ಕಿತ್ತರು.

ನವೆಂಬರ್ ಎರಡರ ಸಂಜೆ ನಾಲ್ಕಕ್ಕೆ ಸ್ಮಶಾನದ ತುಂಬ ಸೇವಂತಿಗೆ, ಮೇಣದಬತ್ತಿ, ಜನ. ಮಗಳು ಆಫೀಸಿನಿಂದ ನೇರ ಬಂದಿದ್ದಳು. ಕಲ್ಲಿನ ಮುಂದೆ ಬಗ್ಗಿ ನೋಡಿ, ಏನೂ ಹೇಳದೆ ನನ್ನ ತೋಳು ಹಿಡಿದಳು. ಗೆಳತಿಗೆ ಹೇಳದೆ ಇರಲಾಗಲಿಲ್ಲ.

"ಅಕ್ಕಾರ, ಅಕ್ಷರ ಯಾಕ ಹಿಂಗ ನಡಗ್ಯಾವ್ರಿ?"

ನಿಜ. ಗೆರೆ ತಪ್ಪದೆ ಕೆತ್ತುತ್ತೇನೆ ಎಂದವನು ಒಂದು ಗೆರೆಯನ್ನೂ ತಪ್ಪಿಸಿರಲಿಲ್ಲ. ಭಾಷೆ ಬಲ್ಲವನಾಗಿದ್ದರೆ ಅಲ್ಲಲ್ಲಿ ತಿದ್ದುತ್ತಿದ್ದನೇನೋ. ಇವನಿಗೆ ಯಾವುದು ಅಕ್ಷರ, ಯಾವುದು ನನ್ನ ಕೈಯ ನಡುಕ ಎಂದು ತಿಳಿಯುವ ಬಗೆ ಇರಲಿಲ್ಲ. ಎರಡನ್ನೂ ಕಪ್ಪು ಕಲ್ಲಿನಲ್ಲಿ ಕಾಲು ಇಂಚು ಆಳ ಕೆತ್ತಿದ್ದ.

ನಮ್ಮ ಸಾಲಿಗೆ ಆ ತರುಣ ಗುರುಗಳೇ ಬಂದರು. ಒಂದೊಂದು ಗೋರಿಯ ಮುಂದೆ ನಿಂತು ಹೆಸರು ಓದಿ, ತೀರ್ಥ ಹಾಕಿ ಬರುತ್ತ ನಮ್ಮ ಮುಂದೆ ನಿಂತರು. ಬಗ್ಗಿದರು. ಮೊದಲ ಅಕ್ಷರ ಓದಿದರು. ಎರಡನೆಯದರಲ್ಲಿ ತಡವರಿಸಿದರು, ಕನ್ನಡಕ ಮೇಲೆ ಸರಿಸಿ ಮತ್ತೆ ನೋಡಿದರು, ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು.

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಕಾನ್ವೆಂಟು ನನಗೆ ಏನೇನೋ ಕಲಿಸಿತು, ಬಿಡಿಸಿತು, ಇದನ್ನು ಮಾತ್ರ ಬಿಡಿಸಲಿಲ್ಲ. ನಲವತ್ಮೂರು ವರ್ಷ ಅವರನ್ನು "ಏನ್ರಿ" ಎಂದೇ ಕರೆದೆ. ಯಾರಾದರೂ ಹೆಸರು ಕೇಳಿದರೆ ಬರೆದು ತೋರಿಸುತ್ತಿದ್ದೆ, ಇಲ್ಲವೆ ಮಗಳನ್ನು ಮುಂದೆ ತಳ್ಳುತ್ತಿದ್ದೆ. ಈಗಲೂ ಮಗಳು ಪಕ್ಕದಲ್ಲೇ ಇದ್ದಳು, ಹೇಳಲು ಬಾಯಿ ತೆರೆದಿದ್ದಳು.

ಅವಳಿಗಿಂತ ಮೊದಲು ನಾನು ಹೇಳಿದೆ. ಎಕ್ಸ್‌ಚೇಂಜಿನ ದನಿಯಲ್ಲಿ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ, ಮನೆತನದ ಹೆಸರಿನ ಸಮೇತ. ಗುರುಗಳು ನನ್ನ ಹಿಂದೆಯೇ ಅದನ್ನು ಹೇಳಿದರು. ತೀರ್ಥ ಚಿಮುಕಿಸಿದರು. ಹನಿಗಳು ಕೆತ್ತಿದ ಗೆರೆಗಳಲ್ಲಿ ಸ್ವಲ್ಪ ಹೊತ್ತು ನಿಂತವು.

"ಅಯ್ಯಽ ಅಕ್ಕಾರ, ಹೆಸರು ಹೇಳೇ ಬಿಟ್ರೆಲ್ಲ!" ಗೆಳತಿ ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು. "ಇನ್ನೊಮ್ಮೆ ಹೇಳ್ರಿ, ನಾ ಸರಿಯಾಗಿ ಕೇಳಲಿಲ್ಲ."

ಹೇಳಿದೆ.